ಹಲ್ಲುಮೇಸ್ತ್ರಿಯ ಮೊದಲ ಚಹಾ

ಗೋಡೆ ಕಟ್ಟುವವನು ಮೇಸ್ತ್ರಿಯಾದರೆ ಹಲ್ಲು ಕಟ್ಟುವವನು ಯಾಕಾಗಬಾರದು ಎಂದು ಯಾರೋ ತಮಾಷೆಗೆ ಅಂದರು. ಆ ಮಾತು ಅಂಟಿಕೊಂಡು, ಅವನು ಊರಿಗೆಲ್ಲ ಹಲ್ಲುಮೇಸ್ತ್ರಿಯೇ ಆಗಿಬಿಟ್ಟ. ಹಲ್ಲು ಕೀಳುವುದು ಅವನ ಕೆಲಸವಲ್ಲ, ಅದು ಎದುರು ಬೀದಿಯ ಡಾಕ್ಟರಮ್ಮನದು. ಆಕೆ ಕಿತ್ತು, ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಆ ಅಚ್ಚಿಗೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ಟು ಮಾಡುತ್ತಿದ್ದ. ಮಹಡಿಯ ಮೇಲೆ ಮನೆ, ಕೆಳಗೆ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದೇ ಒಂದು ಉದ್ದನೆಯ ಕೋಣೆ. ಕಿಟಕಿಗೆ ಅಂಟಿಕೊಂಡ ಮೇಜಿನ ಮೇಲೆ ಸ್ಪಿರಿಟ್ ದೀಪ, ಮೇಣದ ಹಾಳೆ, ಪಾಲಿಷ್ ಚಕ್ರ. ಗೋಡೆಯ ಹಲಗೆಗಳಲ್ಲಿ ಮೇಲೊಂದು ಸಾಲು ಪ್ಲಾಸ್ಟರಿನ ದವಡೆಗಳು, ಅದರ ಕೆಳಗೆ ಟೀಪಾಟುಗಳು, ಇನ್ನೂ ಕೆಳಗೆ ಕಪ್ಪುಗಳು. ಮೊದಲ ಸಲ ಬಂದವರು ಬಾಗಿಲಲ್ಲೇ ನಿಂತು, ಇದು ಹಲ್ಲಿನ ಅಂಗಡಿಯೋ ಚಹಾದ ಅಂಗಡಿಯೋ ಎಂದು ಕಣ್ಣು ಕಣ್ಣು ಬಿಡುತ್ತಿದ್ದರು.

"ಎರಡೂ ಬಾಯಿಗೇ ಸಂಬಂಧಪಟ್ಟಿದ್ದು, ಒಳಗೆ ಬನ್ನಿ," ಎನ್ನುತ್ತಿದ್ದ ಮೇಸ್ತ್ರಿ.

ಅದಕ್ಕೊಂದು ಕಥೆ ಇತ್ತು. ಅವನು ಕೆಲಸ ಶುರುಮಾಡಿದ ಎರಡನೇ ವರ್ಷ, ಬೋರ್ಡು ಬರೆಯುವ ಪೇಂಟರನೊಬ್ಬ ಹೊಸ ಸೆಟ್ಟು ಹಾಕಿಸಿಕೊಂಡು ಖುಷಿಯಾಗಿ ಹೋದವನು ಮಾರನೇ ದಿನ ಗಂಟಲು ಹಿಡಿದುಕೊಂಡು ವಾಪಸ್ ಬಂದ. ಮಾತೇ ಹೊರಡುತ್ತಿರಲಿಲ್ಲ. ಮೇಲಿನ ಸೆಟ್ಟಿನ ತಗಡು ಅಂಗುಳವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಬಿಸಿ ಎಷ್ಟಿದೆ ಎಂದು ಬಾಯಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಗಂಟಲಿಗೆ, ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಪೇಂಟರ್ ಕುದಿಯುವ ಚಹಾವನ್ನು ಹಳೇ ಅಭ್ಯಾಸದಂತೆ ಗುಟುಕರಿಸಿದ್ದ. ಹದಿನೈದು ದಿನ ಅವನು ಗಂಜಿಯಲ್ಲೇ ಕಳೆದ. ಆ ಹದಿನೈದು ದಿನವೂ ಮೇಸ್ತ್ರಿಗೆ ಊಟ ಸೇರಲಿಲ್ಲ. ಅಂದಿನಿಂದ ಅವನದು ಒಂದೇ ಹಟ: ಯಾರೇ ಸೆಟ್ಟು ಹಾಕಿಸಿಕೊಳ್ಳಲಿ, ಮೊದಲ ಚಹಾ ನನ್ನ ಎದುರಿಗೇ ಕುಡಿಯಬೇಕು.

ಮೊದಲು ಸ್ಟೀಲ್ ಲೋಟದಲ್ಲಿ ಕೊಟ್ಟ. ಅಂಚು ಸುಡುತ್ತದೆ ಅಂದರು. ಗಾಜಿನ ಲೋಟ ತಂದ. ಕೈಯಲ್ಲಿ ಹಿಡಿಯಲಾಗುವುದಿಲ್ಲ ಅಂದರು. ಕೊನೆಗೆ ಹಳೇ ಸಾಮಾನಿನ ಅಂಗಡಿಯಿಂದ ಆರು ಬಗೆಯ ಆರು ಬಿಡಿ ಕಪ್ಪುಗಳನ್ನು ತಂದು ಇಟ್ಟ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದು ಕಪ್ಪು ಒಬ್ಬರ ಬಾಯಿಗೆ ಒಗ್ಗಿದಂತೆ ಇನ್ನೊಬ್ಬರಿಗೆ ಒಗ್ಗುವುದಿಲ್ಲ. ತುಟಿ ತೆಳುವಾಗಿದ್ದವರಿಗೆ ಅಂಚು ತೆಳುವಾಗಿರಬೇಕು. ಕೆಳದವಡೆ ಮುಂದೆ ಬಂದವರಿಗೆ ಬಾಯಿ ಅಗಲವಾದ, ಗಿಡ್ಡ ಕಪ್ಪು ಬೇಕು. ಬೆರಳು ಗಂಟುಕಟ್ಟಿದ ಮುದುಕಿಯರಿಗೆ ಹಿಡಿಯೊಳಗೆ ಮೂರು ಬೆರಳು ಹೋಗುವಂತಿರಬೇಕು. ಆರು ಕಪ್ಪು ಅರವತ್ತಾಯಿತು, ಅರವತ್ತು ನೂರು ದಾಟಿತು. ಕಪ್ಪಿದ್ದ ಮೇಲೆ ಟೀಪಾಟು ಬೇಡವೇ? ಅದೂ ಬಂತು.

ಟೀಪಾಟಿನ ವಿಷಯದಲ್ಲಿ ಅವನ ರುಚಿ ಬಲು ಕಟ್ಟುನಿಟ್ಟು. ಚಿನ್ನದ ಗೆರೆ, ಗುಲಾಬಿ ಹೂವು, ಇದಾವುದಕ್ಕೂ ಮರುಳಾಗುವವನಲ್ಲ. ಅಂಗಡಿಯವನ ಎದುರಿಗೇ ನೀರು ತುಂಬಿ ಬಗ್ಗಿಸುತ್ತಿದ್ದ. ಬಗ್ಗಿಸಿ ಎತ್ತಿದ ಮೇಲೆ ಮೂತಿಯಿಂದ ಒಂದು ಹನಿ ಹೊಟ್ಟೆಯ ಮೇಲೆ ಇಳಿದರೂ ಅದು ನಪಾಸು. ಬಗ್ಗಿಸುವಾಗ ಮುಚ್ಚಳ ಜಾರಿದರೆ ಅದೂ ನಪಾಸು. ಬಿಳಿಯಲ್ಲಿ ಎಷ್ಟು ಬಿಳಿ ಎಂಬುದು ಹಲ್ಲಿನ ಕೆಲಸದವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತಿರುತ್ತದೆ? ಹಾಲುಬಿಳಿ, ಮೂಳೆಬಿಳಿ, ತಂಬಾಕು ಹಾಕುವವರ ಬಿಳಿ ಎಂದು ಪಿಂಗಾಣಿಗೂ ಹೆಸರಿಡುತ್ತಿದ್ದ. ಹಲಗೆಗಳಿಗೆ ಗಾಜಿನ ಬಾಗಿಲು ಹಾಕಿಸಲು ಮಾತ್ರ ಒಪ್ಪಲಿಲ್ಲ. ಒಡೆದರೆ ಒಡೆಯಲಿ, ಕುಡಿಯದೆ ಇಡುವುದಾದರೆ ತಂದದ್ದಾದರೂ ಯಾಕೆ ಎನ್ನುವುದು ಅವನ ವಾದ.

ಹೆಂಡತಿ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮೇಜಿನಲ್ಲಿದ್ದಳು. ಅವಳಿಗೆ ಈ ಹುಚ್ಚೇನೂ ಇರಲಿಲ್ಲ. ಮದುವೆಯಾದಾಗ ತಂದಿದ್ದ ಎನಾಮಲ್ ಮಗ್ಗಿನಲ್ಲೇ ಮೂವತ್ತು ವರ್ಷದಿಂದ ಕುಡಿಯುತ್ತಿದ್ದಳು. "ಅದು ಕಪ್ಪಲ್ಲ ಮಾರಾಯ್ತಿ, ಬಕೆಟ್ಟಿನ ತಂಗಿ," ಎಂದು ಅವನು ಛೇಡಿಸಿದರೆ, "ನಿಮ್ಮ ನೂರಾ ಇಪ್ಪತ್ತು ಕಪ್ಪು ಒರೆಸಿಡೋಳಿಗೆ ಕುಡಿಯೋಕಾದರೂ ದೊಡ್ಡದು ಬೇಕಲ್ರೀ," ಎನ್ನುವಳು.

ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನಾದ ತಮ್ಮನೊಬ್ಬನಿದ್ದ. ಕೆಲಸ ಕಲಿಸಿದವನು ಮೇಸ್ತ್ರಿಯೇ. ತಮ್ಮನ ಕೈ ಚುರುಕು, ಮಾತು ಕಡಿಮೆ. ಕಪ್ಪಿನ ವಿಷಯದಲ್ಲಿ ಮಾತ್ರ ಅವನು ಅಣ್ಣನಿಗೆ ತದ್ವಿರುದ್ಧ. "ಎಲ್ಲಾ ಒಂದೇ ಥರದ ಬಿಳಿ ಕಪ್ಪು ಒಂದು ಡಜನ್ ತಂದಿಟ್ಟರೆ ಮುಗೀತಲ್ಲಣ್ಣ. ಹಲ್ಲು ಸರಿ ಇದ್ದರೆ ಯಾವ ಕಪ್ಪಲ್ಲಾದರೂ ಕುಡೀತಾರೆ," ಎನ್ನುತ್ತಿದ್ದ. "ಬಿಳಿ ಕಪ್ಪು ಅಂತ ಹೇಳೋನಿಗೆ ಬಿಳಿಯೂ ಗೊತ್ತಿಲ್ಲ, ಕಪ್ಪೂ ಗೊತ್ತಿಲ್ಲ," ಎಂದು ಮೇಸ್ತ್ರಿ ನಗಾಡುತ್ತಿದ್ದ. ತಮ್ಮನೂ ನಗುತ್ತಿದ್ದ. ಹಾಗೆ ನಡೆದುಕೊಂಡು ಹೋಗುತ್ತಿತ್ತು.

ಕೆಟ್ಟದ್ದು ಒಂದು ಬೆಳಗ್ಗೆ. ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಹೆಡ್‌ಮಿಸ್ ಒಬ್ಬರಿಗೆ ತಮ್ಮನು ಮೊದಲ ಬಾರಿಗೆ ಅಣ್ಣನ ಸಹಾಯವಿಲ್ಲದೆ ಪೂರ್ತಿ ಸೆಟ್ಟು ಮಾಡಿದ್ದ. ಆಕೆಗೆ ಹಾಕಿದ್ದೂ ಅವನೇ. ಕೋಣೆಯಲ್ಲಿ ಇನ್ನೂ ಐದಾರು ಜನ ಕಾಯುತ್ತ ಕೂತಿದ್ದರು. ಮೇಸ್ತ್ರಿ ತೆಳು ಅಂಚಿನ ಕಪ್ಪೊಂದನ್ನು ಆರಿಸಿ ಚಹಾ ಕೊಟ್ಟ. ಹೆಡ್‌ಮಿಸ್ ತುಟಿಗಿಟ್ಟರು. ಟಕ್. ಇನ್ನೊಂದು ಗುಟುಕು. ಟಕ್ ಟಕ್. ಮುಂದಿನ ಹಲ್ಲು ಕೂದಲೆಳೆಯಷ್ಟು ಉದ್ದವಾಗಿ ಕಪ್ಪಿನ ಅಂಚಿಗೆ ಬಡಿಯುತ್ತಿತ್ತು.

"ಏನೋ ಇದು?" ಎಂದ ಮೇಸ್ತ್ರಿ, ಎಲ್ಲರಿಗೂ ಕೇಳುವಂತೆ. "ಹಲ್ಲು ಮಾಡು ಅಂದರೆ ಗೆಜ್ಜೆ ಮಾಡಿ ಕೂರಿಸಿದ್ದೀಯಲ್ಲೋ!"

ಕೋಣೆಯೆಲ್ಲ ಗೊಳ್ಳೆಂದಿತು. ಹೆಡ್‌ಮಿಸ್ ಕಪ್ಪನ್ನು ಮೆಲ್ಲಗೆ ಸಾಸರಿನ ಮೇಲಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದರು. ತಮ್ಮನು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಆಕೆಯ ಹಿಂದೆಯೇ ಹೊರಟ. ಸಂಜೆಗೆ ಬರುತ್ತಾನೆ ಎಂದುಕೊಂಡಿದ್ದ ಮೇಸ್ತ್ರಿ. ಸಂಜೆಯಾಯಿತು, ವಾರವಾಯಿತು. ಎರಡು ಬೀದಿ ಆಚೆ ತಮ್ಮನ ಸ್ವಂತ ಬೋರ್ಡು ಎದ್ದಿತು. ನಾನೇನು ಸುಳ್ಳು ಹೇಳಿದೆನೇ ಎಂದು ಇವನ ಬಿಗುಮಾನ. ಸತ್ಯ ಹೇಳಲು ಬೇರೆ ಹೊತ್ತಿರಲಿಲ್ಲವೇ ಎಂದು ಅವನದು. ಹನ್ನೊಂದು ವರ್ಷ ಹೀಗೇ ಕಳೆಯಿತು. ತಾಯಿ ತೀರಿಹೋದಾಗ ಅಣ್ಣತಮ್ಮಂದಿರು ಅಕ್ಕಪಕ್ಕ ನಿಂತರೇ ಹೊರತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೇಸ್ತ್ರಿಗೆ ಅರವತ್ತೊಂದು ತುಂಬಿದ ವರ್ಷ ಅವನ ಹಲ್ಲುಗಳೇ ಅಲ್ಲಾಡತೊಡಗಿದವು. ಊರಿಗೆಲ್ಲ ವಸಡು ತಿಕ್ಕಿಕೊಳ್ಳಿ ಎಂದು ಬುದ್ಧಿ ಹೇಳಿದವನು ತನ್ನ ವಸಡಿನಲ್ಲಿ ರಕ್ತ ಬಂದರೆ ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗುತ್ತಿದ್ದ. ಕೊನೆಗೆ ಒಂದು ದಿನ ಬ್ರೆಡ್ಡು ಕಚ್ಚುವಾಗ ಮುಂದಿನ ಹಲ್ಲು ಬ್ರೆಡ್ಡಿನಲ್ಲೇ ಉಳಿಯಿತು. ಡಾಕ್ಟರಮ್ಮ ಬಾಯಿ ನೋಡಿ ತಲೆಯಾಡಿಸಿದರು.

"ಮೇಲಿನದು ಒಂದೂ ಉಳಿಯಲ್ಲ ಮೇಸ್ತ್ರಿ. ಕೆಳಗಿನದು ಇನ್ನಷ್ಟು ವರ್ಷ ಬರುತ್ತೆ. ನಿಮಗೆ ನಾನು ಹೇಳಬೇಕಾ?"

"ಬೇಡ. ಕಿತ್ತು ಅಚ್ಚು ತೆಗೆದು ಕೊಡಿ. ಸೆಟ್ಟು ನಾನೇ ಮಾಡ್ಕೋತೀನಿ."

"ನಿಮ್ಮದನ್ನ ನೀವೇ?"

"ಮತ್ಯಾರು ಮಾಡಬೇಕು?"

ಮೂರು ವಾರ ಕೂತು ಮಾಡಿದ. ತನ್ನದೇ ದವಡೆಯ ಪ್ಲಾಸ್ಟರ್ ಅಂಗೈಯಲ್ಲಿ ಹಿಡಿದಾಗ ಯಾರೋ ಅಪರಿಚಿತ ಮುದುಕನದು ಎನ್ನಿಸಿತು. ಒಂದೊಂದು ಹಲ್ಲನ್ನೂ ಹತ್ತು ಸಲ ತಿರುಗಿಸಿ ನೋಡಿ ಕೂರಿಸಿದ. ಇಷ್ಟು ಚೆಂದದ ಸೆಟ್ಟನ್ನು ಅವನು ಯಾರಿಗೂ ಮಾಡಿರಲಿಲ್ಲ. ಹಾಕಿಕೊಂಡು ಕನ್ನಡಿ ನೋಡಿದರೆ ಮದುವೆಯ ಫೋಟೋದಲ್ಲಿದ್ದ ನಗು ಎದುರಿಗೆ ನಿಂತಿತ್ತು. ನೇರ ಹಲಗೆಯತ್ತ ಹೋಗಿ ತನಗೆ ಅಚ್ಚುಮೆಚ್ಚಾದ ಕಪ್ಪು ಇಳಿಸಿದ. ಮೊಟ್ಟೆಯ ಚಿಪ್ಪಿನಷ್ಟು ತೆಳು, ಕಿಟಕಿಗೆ ಹಿಡಿದರೆ ಆಚೆಯ ಬೆರಳಿನ ನೆರಳು ಕಾಣುವಂಥದು. ಚಹಾ ಬಗ್ಗಿಸಿ ಕುಡಿದ.

ಏನೂ ಇಲ್ಲ. ಬಿಸಿಯಿಲ್ಲ, ಒಗರಿಲ್ಲ, ಪರಿಮಳವೂ ಅರ್ಧ. ಬೇರೆಯವರ ಬಾಯಿಯಲ್ಲಿ ಕುಡಿದಂತಿತ್ತು. ಎರಡನೇ ಗುಟುಕಿಗೆ ಬಾಯಿಯ ಮೂಲೆಯಿಂದ ಚಹಾ ಗಲ್ಲಕ್ಕಿಳಿದು ಅಂಗಿಯ ಮೇಲೆ ಬಿತ್ತು.

ಕಪ್ಪಿನದೇ ತಪ್ಪು ಎಂದು ಇನ್ನೊಂದು ತೆಗೆದ. ಅದೂ ಹಾಗೇ. ಮಾರನೇ ದಿನ ನಾಲ್ಕು, ಅದರ ಮಾರನೇ ದಿನ ಏಳು. ಸರಿಹೋಗದ್ದನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ ಹಾಕುತ್ತ ಹೋದ. "ಎರಡು ವಾರದಲ್ಲಿ ಅಭ್ಯಾಸ ಆಗುತ್ತೆ, ಗಾಬರಿಯಾಗಬೇಡಿ," ಎಂದು ಮೂವತ್ತೈದು ವರ್ಷ ನೂರಾರು ಜನರಿಗೆ ಹೇಳಿದ ತನ್ನದೇ ದನಿ ನೆನಪಾಗಿ ಮೈ ಉರಿಯುತ್ತಿತ್ತು. ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬರುತ್ತಿತ್ತು! ತಲೆಯಾಡಿಸಿ ಎದ್ದುಹೋದವರೆಲ್ಲ ಮನೆಗೆ ಹೋಗಿ ಏನು ಅನುಭವಿಸಿದರೋ. ಹದಿನೇಳನೇ ದಿನಕ್ಕೆ ಹಲಗೆ ಮುಕ್ಕಾಲು ಖಾಲಿಯಾಗಿತ್ತು. ಹಳೇ ಸಾಮಾನಿನವನಿಗೆ ಬಂದು ಒಯ್ಯುವಂತೆ ಹೇಳಿಕಳಿಸಿದ.

ಹೆಂಡತಿ ಗ್ರಂಥಾಲಯದಿಂದ ಬಂದವಳು ಬಾಗಿಲಲ್ಲಿ ಸಾಲಾಗಿದ್ದ ಡಬ್ಬಗಳನ್ನು ನೋಡಿದಳು. ಒಂದರ ಮೇಲೆ ಕೂತೇಬಿಟ್ಟಳು.

"ಏಳು, ಒಳಗೆ ಪಿಂಗಾಣಿ ಇದೆ."

"ಇರಲಿ. ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಕುಡಿಯುವಾಗ ಟಕ್ ಅಂತ ಸದ್ದು ಬರುತ್ತಲ್ಲ, ನಿಮಗೆ ಕೇಳಿಸ್ತಿಲ್ವಾ?"

"ಎಲ್ಲಿ ಬರುತ್ತೆ?"

"ನಾನು ಮೇಲೆ ಅಡುಗೆಮನೇಲಿ ನಿಂತಿದ್ದರೂ ಕೇಳುತ್ತೆ. ಎರಡು ವಾರದಿಂದ ಕೇಳ್ತಿದೀನಿ. ಹಲ್ಲು ಉದ್ದ ಆಗಿದೆ ಅನ್ನೋಕೆ ಬಾಯಿ ಬರ್ತಿಲ್ಲ ನಿಮಗೆ, ಪಾಪದ ಕಪ್ಪುಗಳ ಮೇಲೆ ಸಿಟ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಮೇಸ್ತ್ರಿ ಒಂದು ಕಪ್ಪು ತೆಗೆದುಕೊಂಡು ನೀರನ್ನೇ ತುಂಬಿಸಿ, ಕಣ್ಣು ಮುಚ್ಚಿ ಕುಡಿದ. ಟಕ್. ಈ ಸಲ ಕೇಳಿಸಿತು. ಕನ್ನಡಿಯ ನಗುವಿಗೆ ಆಸೆಪಟ್ಟು ಮುಂದಿನ ಆರೂ ಹಲ್ಲನ್ನು ಉದ್ದ ಮಾಡಿದ್ದ. ಪರರ ಬಾಯಲ್ಲಾದರೆ ಮಾರು ದೂರದಿಂದ ಹಿಡಿಯುತ್ತಿದ್ದ ತಪ್ಪು ಅದು.

"ನನ್ನ ಬಾಯಿ ಮುಚ್ಚೋದನ್ನ ನಾನೇ ನೋಡೋಕಾಗಲ್ಲ," ಎಂದ ಕೊನೆಗೆ. "ಇನ್ನೊಬ್ಬರು ಎದುರಿಗೆ ಕೂತು ನೋಡಬೇಕು."

"ನೋಡೋರು ಎರಡು ಬೀದಿ ಆಚೆ ಇದಾರೆ," ಎಂದಳು ಅವಳು. ಹಳೇ ಸಾಮಾನಿನವನು ಬಂದಾಗ ಡಬ್ಬದ ಮೇಲಿಂದ ಅವಳು ಏಳಲೇ ಇಲ್ಲ. ಅವನು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದ.

ಮಾರನೇ ದಿನ ಮಧ್ಯಾಹ್ನ ಮೇಸ್ತ್ರಿ ತಮ್ಮನ ಕಾರ್ಖಾನೆಯ ಮೆಟ್ಟಿಲು ಹತ್ತಿದ. ಒಳಗೆ ಅದೇ ಮೇಣದ ವಾಸನೆ. ಕಿಟಕಿಯ ಪಕ್ಕ ಒಂದೇ ಅಳತೆಯ ಹನ್ನೆರಡು ಬಿಳಿ ಕಪ್ಪುಗಳು ಕವುಚಿ ಇಟ್ಟಿದ್ದವು. ತಮ್ಮನಿಗೆ ಕಿವಿಯ ಮೇಲೆ ನರೆ ಬಂದಿತ್ತು. ಅಣ್ಣನನ್ನು ನೋಡಿ ಚಕ್ರ ನಿಲ್ಲಿಸಿದ. ಕುರ್ಚಿ ಎಳೆದು ಹಾಕಿದ. ಮೇಸ್ತ್ರಿ ಕೂತು, ಬಾಯಿಯಿಂದ ಸೆಟ್ಟು ತೆಗೆದು ಕರ್ಚೀಫಿನಲ್ಲಿ ಒರೆಸಿ ಅವನ ಕೈಗಿಟ್ಟ.

ತಮ್ಮ ಅದನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ತಿರುಗಿಸಿದ.

"ಹಲ್ಲು ಬಹಳ ಚೆನ್ನಾಗಿದೆ ಅಣ್ಣ. ಇಪ್ಪತ್ತೈದರ ಹುಡುಗನಿಗೆ."

ಮೇಸ್ತ್ರಿಗೆ ನಗು ಬಂತು. ಮೇಲಿನ ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದ. ಹಾಗೆ ಹಿಡಿದ ಕೂಡಲೇ ಸೆರಗು ಅಡ್ಡ ಹಿಡಿದು ಎದ್ದುಹೋದ ಹೆಡ್‌ಮಿಸ್ ಕಣ್ಣಿಗೆ ಕಟ್ಟಿ, ನಗು ಅಲ್ಲೇ ನಿಂತಿತು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಎಲ್ಲಿಗೋ ಹೋಗಿ ಒಂದೇ ಶಬ್ದ ಹೊರಗೆ ಬಂತು. ಅದೂ ಹಲ್ಲಿಲ್ಲದೆ, "ಹಪ್ಪಾಯ್ತು" ಎಂದಂತಾಯಿತು.

"ಏನಂದೆ?"

"ಹಲ್ಲು ಕೊಡು. ಹಾಕ್ಕೊಂಡು ಹೇಳ್ತೀನಿ."

"ಬೇಡ, ಹಾಗೇ ಹೇಳು. ಹಲ್ಲಿದ್ದಾಗ ನೀನು ಹೇಳಿದ್ದು ಬೇಕಾದಷ್ಟು ಕೇಳಿದೀನಿ."

ಮೇಸ್ತ್ರಿ ಮತ್ತೆ ಹೇಳಿದ. ತೊದಲುತ್ತ, ಉಗುಳು ಹಾರಿಸುತ್ತ, ಆವತ್ತು ಅಷ್ಟು ಜನರ ಎದುರಿಗೆ ಅಂದದ್ದು ತಪ್ಪು, ಅಂದ ಮೇಲೆ ಹಿಂದೆಯೇ ಓಡಿಬರದೆ ಇದ್ದದ್ದು ಇನ್ನೂ ದೊಡ್ಡ ತಪ್ಪು ಎಂದ. ತಮ್ಮನು ತಲೆ ತಗ್ಗಿಸಿ ಆ ಸೆಟ್ಟಿನ ತಗಡನ್ನೇ ಹೆಬ್ಬೆರಳಿನಿಂದ ಸವರುತ್ತಿದ್ದ.

"ನನಗಂದಿದ್ದು ಬಿಡು," ಎಂದ ಕೊನೆಗೆ. "ಅಣ್ಣನ ಹತ್ರ ಬೈಸಿಕೊಂಡೆ ಅಂತ ಆಗುತ್ತೆ. ಆ ಮೇಡಂ ಏನು ಮಾಡಿದ್ದರು? ಚಹಾ ಕುಡಿದಿದ್ದಷ್ಟೇ."

"ಈಗ ಎಲ್ಲಿದಾರೆ?"

"ಅದೇ ಮನೇಲಿ. ಮೊದಲು ಇದನ್ನ ನೋಡೋಣ. ಮುಂದಿನ ಆರನ್ನೂ ಬಿಡಿಸಿ ಮತ್ತೆ ಕೂರಿಸಬೇಕು. ಎರಡು ದಿನ ಬೇಕು."

ಎರಡು ದಿನ ಬಿಟ್ಟು ಹೋದಾಗ ತಮ್ಮನು ಸೆಟ್ಟು ಹಾಕಿ, ಹಲ್ಲುಗಳ ನಡುವೆ ನೀಲಿ ಕಾರ್ಬನ್ ಕಾಗದ ಇಟ್ಟು ಕಚ್ಚಿಸಿ, ಬಣ್ಣ ಅಂಟಿದ ಕಡೆಯೆಲ್ಲ ಉಜ್ಜಿದ. ಮತ್ತೆ ಕಚ್ಚಿಸಿದ, ಮತ್ತೆ ಉಜ್ಜಿದ. ಆಮೇಲೆ ಬಿಳಿ ಕಪ್ಪಿನಲ್ಲಿ ಚಹಾ ತಂದಿಟ್ಟು, ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಅಣ್ಣನ ಬಾಯಿಯನ್ನೇ ನೋಡಿದ. ಸದ್ದಿಲ್ಲ. ಗಲ್ಲಕ್ಕೆ ಹನಿ ಇಳಿಯಲಿಲ್ಲ.

"ರುಚಿ?"

"ಇಲ್ಲ ಕಣೋ," ಎಂದ ಮೇಸ್ತ್ರಿ ಮೆಲ್ಲಗೆ.

"ಹಲ್ಲು ಸರಿ ಇದ್ದರೆ ಯಾವ ಕಪ್ಪಾದರೂ ಸೈ ಅಂತಿದ್ದೆ ನಾನು," ಎಂದ ತಮ್ಮ. "ಅದೂ ಪೂರ್ತಿ ನಿಜ ಅಲ್ಲ ಅಂತ ಈ ಹನ್ನೊಂದು ವರ್ಷದಲ್ಲಿ ಗೊತ್ತಾಗಿದೆ. ನಿನ್ನ ಹತ್ರ ನೂರಿಪ್ಪತ್ತಿವೆ. ಡಬ್ಬ ಬಿಚ್ಚಿ ಹುಡುಕು."

ಹೆಡ್‌ಮಿಸ್ ಮನೆಗೆ ಹೋಗುವ ದಿನ ಮೇಸ್ತ್ರಿ ಡಬ್ಬದಿಂದ ಆ ಮೊಟ್ಟೆಚಿಪ್ಪಿನ ಕಪ್ಪನ್ನು ತೆಗೆದು ಕಾಗದ ಸುತ್ತತೊಡಗಿದ. ಹೆಂಡತಿ ಕೈ ಹಿಡಿದಳು. "ಬರಿಗೈಲಿ ಹೋಗಿ. ಏನೋ ಕೊಟ್ಟು ತೀರಿಸೋ ವಿಷಯ ಅಲ್ಲ ಇದು."

ಬಾಗಿಲು ತೆರೆದ ಹೆಡ್‌ಮಿಸ್‌ಗೆ ಎಂಬತ್ತು ದಾಟಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಇವನ ಗುರುತು ಹಿಡಿಯಲು ಒಂದು ಗಳಿಗೆ ಹಿಡಿಯಿತು. ಅವನು ಹೊಸ್ತಿಲ ಹೊರಗೇ ನಿಂತು ಬಂದ ಕಾರಣ ಹೇಳಿ ಮುಗಿಸಿದ. ಆಕೆ ಪೂರ್ತಿ ಕೇಳಿಸಿಕೊಂಡರು.

"ಹನ್ನೊಂದು ವರ್ಷ ತಡ. ನಮ್ಮ ಶಾಲೇಲಿ ಹತ್ತು ನಿಮಿಷ ತಡವಾದರೂ ಹೊರಗೆ ನಿಲ್ಲಿಸ್ತಿದ್ದೆ."

"ನಿಲ್ತೀನಿ ಮೇಡಂ."

"ನಿಲ್ಲೋ ವಯಸ್ಸಾ ಇದು? ಒಳಗೆ ಬನ್ನಿ."

ಒಳಗೆ ಕೂತ ಮೇಲೆ ಆಕೆ ಸುತ್ತಿಬಳಸದೆ ಹೇಳಿದರು. ಆವತ್ತಿನಿಂದ ಒಂದು ತಿಂಗಳು ಹೊರಗೆಲ್ಲೂ ಬಾಯಿ ಬಿಟ್ಟು ನಕ್ಕಿರಲಿಲ್ಲ. ಹಳೇ ವಿದ್ಯಾರ್ಥಿನಿಯೊಬ್ಬಳ ಮದುವೆಗೂ ಹೋಗಲಿಲ್ಲ. "ನಿಮ್ಮ ತಮ್ಮ ಒಂದು ವಾರ ದಿನಾ ಸಂಜೆ ಇಲ್ಲಿಗೇ ಬಂದು, ಈ ಮೇಜಿನ ಹತ್ರಾನೇ ಕೂತು ಉಜ್ಜಿ ಸರಿಮಾಡಿಕೊಟ್ಟ. ಒಂದು ದಿನಾನೂ ನಿಮ್ಮನ್ನ ಬೈಯಲಿಲ್ಲ. ನಾನೇ ಬೈದೆ, ಅವನು ಕೇಳಿಸಿಕೊಂಡ." ಮೇಸ್ತ್ರಿಗೆ ಇದೊಂದೂ ಗೊತ್ತಿರಲಿಲ್ಲ. ಆಕೆ ಚಹಾ ಮಾಡಿ ತಂದರು. ತೀರಾ ಸಾಧಾರಣ ಗಾಜಿನ ಲೋಟ, ಬಾಯಿಯವರೆಗೂ ತುಂಬಿತ್ತು. ಅವನು ಎರಡೂ ಕೈಯಲ್ಲಿ ಹಿಡಿದು ಆರಿಸಿಕೊಂಡು ಕೊನೆಯ ಹನಿಯವರೆಗೆ ಕುಡಿದ. ಕ್ಷಮಿಸಿದೆ ಎಂದು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಹೊರಡುವಾಗ, "ಮೆಟ್ಟಿಲು ನೋಡಿಕೊಂಡು ಇಳೀರಿ," ಎಂದರು.

ಅಣ್ಣತಮ್ಮಂದಿರು ಮತ್ತೆ ಒಂದೇ ಕಾರ್ಖಾನೆ ಮಾಡಲಿಲ್ಲ. ಎರಡು ಬೋರ್ಡೂ ಅಲ್ಲಲ್ಲೇ ಉಳಿದವು. ಆದರೆ ಹಲ್ಲು ಕೂರಿಸಲು ಕಷ್ಟವಾದ ದವಡೆಯ ಅಚ್ಚು ಬಂದರೆ ತಮ್ಮ ಅದನ್ನು ಎತ್ತಿಕೊಂಡು ಬಂದು ಅಣ್ಣನಿಗೆ ತೋರಿಸುತ್ತಿದ್ದ, ಅಣ್ಣನೂ ಹಾಗೇ. ಮೇಸ್ತ್ರಿ ಡಬ್ಬಗಳನ್ನು ಬಿಚ್ಚಿ ದಿನಕ್ಕೊಂದರಂತೆ ಕುಡಿದು ನೋಡಿದ. ತೆಳು ಪಿಂಗಾಣಿ ಅವನ ಪಾಲಿಗೆ ಮುಗಿದಿತ್ತು. ಮೊದಲು ತಾನು ತಿರಸ್ಕರಿಸಿ ಮೂಲೆಗಿಟ್ಟಿದ್ದ ದಪ್ಪ ಅಂಚಿನ, ಒರಟು ಮಣ್ಣಿನ ಪುಟ್ಟ ಕಪ್ಪೊಂದು ಕೆಳತುಟಿಗೆ ಬೆಚ್ಚಗೆ ಕೂತಿತು. ಅಂಗುಳಕ್ಕೆ ಸಿಗದ ಬಿಸಿ ತುಟಿಗೆ ಸಿಕ್ಕಿತು. ಹಳೇ ರುಚಿಯಲ್ಲ, ಬೇರೆಯೇ ಒಂದು. ಒಗ್ಗಿಸಿಕೊಂಡ. ಉಳಿದವನ್ನು ಕೂಡಿಡುವ ಆಸೆ ಕಮ್ಮಿಯಾಗಿ, ಯಾರ ಬಾಯಿಗೆ ಯಾವುದು ಒಗ್ಗಿತೋ ಆ ಕಪ್ಪನ್ನು ಅವರ ಕೈಗೇ ಕೊಟ್ಟು ಕಳಿಸತೊಡಗಿದ. ಮೊದಲ ಚಹಾದ ಹೊತ್ತಿಗೆ ಈಗ ಬಾಗಿಲು ಮುಚ್ಚಿರುತ್ತದೆ. ಕಾಯುವವರು ಹೊರಗಿನ ಬೆಂಚಿನ ಮೇಲೆ. ಒಳಗೆ ಇಬ್ಬರೇ.

ಮೊನ್ನೆ ಬಂದವನು ಟ್ರಾಫಿಕ್ ಪೊಲೀಸಿನವನು, ನಿವೃತ್ತಿಗೆ ಇನ್ನೊಂದು ವರ್ಷ ಇತ್ತು. ಹೊಸ ಸೆಟ್ಟು ಹಾಕಿಕೊಂಡು ಕಪ್ಪು ಮುಟ್ಟದೆ ಕೂತಿದ್ದ.

"ಚಹಾ ಹಾಳಾಗಲಿ ಮೇಸ್ತ್ರಿ, ಸೀಟಿ ಊದಕ್ಕಾಗುತ್ತಾ? ಅದನ್ನ ಹೇಳಿ. ನಾಳೆ ಚೌಕದಲ್ಲಿ ನಿಂತು ಬುಸ್ ಅಂದರೆ ಆಟೋದವರು ನನ್ನ ಮಾನ ಹರಾಜು ಹಾಕ್ತಾರೆ."

ಎರಡು ವಾರದಲ್ಲಿ ಅಭ್ಯಾಸವಾಗುತ್ತದೆ ಎಂದು ಮೇಸ್ತ್ರಿ ಹೇಳಲಿಲ್ಲ. "ಗೊತ್ತಿಲ್ಲ. ಹಾಕ್ಕೊಂಡ ಮೇಲೆ ನನಗೂ ಎಷ್ಟೋ ದಿನ ಕಷ್ಟ ಆಯ್ತು. ಊದಿ ನೋಡೋಣ," ಎಂದ. ಬುಸ್ ಎಂದಿತು. ಮೇಸ್ತ್ರಿ ಬಾಯೊಳಗೆ ನೋಡಿ, ಒಂದು ಹಲ್ಲಿನ ಹಿಂದೆ ಚೂರು ಉಜ್ಜಿದ. ಮತ್ತೆ ಬುಸ್. ಮತ್ತೆ ಉಜ್ಜಿದ. ನಡುನಡುವೆ ಬಾಯಿ ಒಣಗಿತೆಂದು ಬೇರೆ ಬೇರೆ ಕಪ್ಪಿನಲ್ಲಿ ನಾಲ್ಕು ಸಲ ಚಹಾ ಆಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಪೊಲೀಸಿನವನು ಕಿಟಕಿಯ ಹತ್ತಿರ ನಿಂತು, ಎದೆ ತುಂಬಿ ಊದಿದ. ಕಿವಿ ಗುಂಯ್ಗುಡುವ ಸೀಟಿ. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ಗಕ್ಕನೆ ಬ್ರೇಕು ಹಿಡಿದು, ಒಂದು ಕಾಲು ನೆಲಕ್ಕೂರಿ, ತಾನೇನು ತಪ್ಪು ಮಾಡಿದೆ ಎಂದು ಸುತ್ತಮುತ್ತ ನೋಡತೊಡಗಿದ.